ಒಂದು ಹಿಡಿ ಹುರುಳಿ

ನಮ್ಮತ್ತೆ ಕರಿಯಕ್ಕನವರಿಗೆ ಮಧುಗಿರಿಯ ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಹಿತ್ತಿಲ ಬಾಗಿಲ ಅಗುಳಿ ತೆಗೆದು ನಿಂತುಬಿಡುತ್ತಿದ್ದರು. ಹಟ್ಟಿಯಲ್ಲಿದ್ದಾಗ ಆ ಹೊತ್ತಿಗೆ ಕುರಿ ರೊಪ್ಪದ ಮುಳ್ಳುಬಾಗಿಲು ಸರಿಸುತ್ತಿದ್ದ ಕೈ ಅದು. ಇಲ್ಲಿ ಬಾಗಿಲು ತೆಗೆದರೆ ಕಾಣುತ್ತಿದ್ದದ್ದು ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ, ಅದರಾಚೆಗೆ ಅರ್ಧ ಆಕಾಶವನ್ನು ಮುಚ್ಚಿಕೊಂಡು ನಿಂತ ಬೆಟ್ಟ. ಸ್ವಲ್ಪ ಹೊತ್ತು ನಿಂತಿದ್ದು, ಬಿಟ್ಟುಕೊಡಲು ಏನೂ ಇಲ್ಲವೆಂದು ನೆನಪಾದವರ ಹಾಗೆ ಮತ್ತೆ ಅಗುಳಿ ಹಾಕಿ ಒಳಗೆ ಬರುತ್ತಿದ್ದರು. ಮಧ್ಯಾಹ್ನ ರಸ್ತೆಯಲ್ಲಿ ಯಾರದೋ ಕುರಿಗಳ ಗಂಟೆ ಕೇಳಿಸಿದರೆ ತಟ್ಟೆಯ ಮುಂದಿನಿಂದ ಎದ್ದು ಎಂಜಲ ಕೈಯಲ್ಲೇ ಗೇಟಿನವರೆಗೆ ಓಡುತ್ತಿದ್ದರು.

ಎಪ್ಪತ್ತೆಂಟನೇ ಇಸವಿಯ ಚಳಿಗಾಲ. ನಮ್ಮ ಮನೆಯವರು, ನರಸಪ್ಪ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾನು ತುಮಕೂರಿನಲ್ಲಿ ಬಿ.ಎ. ಮುಗಿಸಿ ಮದುವೆಯಾಗಿ ಬಂದವಳು. ಆಗ ದಿನ ತುಂಬುತ್ತ ಬಂದಿದ್ದ ಬಸುರಿ. ತವರಿನಲ್ಲಿ ನನಗೆ ತಾಯಿ ಇರಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಕಡೆಯ ಹಟ್ಟಿಯಿಂದ ಕರೆದುಕೊಂಡು ಬಂದಿದ್ದರಿಂದ ಬಾಣಂತನ ಅವರೇ ಮಾಡುತ್ತಾರೆಂದು ನಾವು ನೆಮ್ಮದಿಯಾಗಿದ್ದೆವು. ಒಂದು ದಿನ ಬಾಣಂತಿ ಖಾರಕ್ಕೆ ಏನೇನು ತರಿಸಬೇಕೆಂದು ಕೇಳಿದಾಗ ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

"ನನ್ ಕೈ ನೆಚ್ಕಬ್ಯಾಡ ಕಣಮ್ಮ. ಕೊರಟಗೆರೆಯಿಂದ ನಿಮ್ ಚಿಕ್ಕಮ್ಮನ್ನ ಕರೆಸ್ಕೊ."

"ಯಾಕತ್ತೆ? ನೀವಿರುವಾಗ?"

"ಅದೇ, ನಾನಿರಾದ್ರಿಂದ್ಲೇ," ಅಂದು ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋಗಿಬಿಟ್ಟರು.

ಕಾರಣ ಹೇಳಿದ್ದು ನಮ್ಮ ಮನೆಯವರು. ಹಟ್ಟಿಯಲ್ಲಿ ಯಾರ ಮನೆಯಲ್ಲಿ ತಬ್ಬಲಿ ಮರಿಯಾದರೂ ಅದು ಕರಿಯಕ್ಕನ ಮಡಿಲಿಗೆ ಬರುತ್ತಿತ್ತಂತೆ. ಅವರು ಹುರುಳಿಯನ್ನು ತಾವೇ ಅಗಿದು ಮೆತ್ತಗೆ ಮಾಡಿ ಬೆರಳ ತುದಿಯಿಂದ ಮರಿಯ ಬಾಯಿಗಿಟ್ಟರೆ ಎಂಥ ಸೊರಗಿದ್ದೂ ಎದ್ದು ನಿಲ್ಲುತ್ತಿತ್ತು. ಕೈಗುಣ ಅಂತ ಎಲ್ಲರೂ ಹೇಳುತ್ತಿದ್ದರು. ಮಾವ ತೀರಿಕೊಂಡ ವರ್ಷ ಮಾತ್ರ ಅವರ ಮಡಿಲಲ್ಲಿಟ್ಟ ಮರಿಗಳು ಒಂದರ ಹಿಂದೆ ಒಂದು ಹೋದವು. ಯಾರೂ ಏನೂ ಅನ್ನಲಿಲ್ಲ. ಆದರೆ ಒಂದು ಸಂಜೆ ಭೀಮಕ್ಕ ಅನ್ನುವವಳು ಕಂಬಳಿಯಲ್ಲಿ ಮರಿ ಸುತ್ತಿಕೊಂಡು ಅತ್ತೆಯ ಬಾಗಿಲ ಮುಂದೆಯೇ ಹಾದು ಕಡೇ ಮನೆಗೆ ಹೋದಳು. ಅದಾದ ಮೇಲೆ ಅತ್ತೆ ಯಾವ ಮರಿಯನ್ನೂ ಮುಟ್ಟಲಿಲ್ಲ. ಮೈದುನನಿಗೆ ಕುರಿ ಒಪ್ಪಿಸಿ ಮಗನ ಜೊತೆ ಬಸ್ಸು ಹತ್ತಿದರು.

"ಅವ್ವ ನಮ್ಮ ಮಗೂನೂ ಮುಟ್ಟಲ್ಲ ಅಂತಿದಾಳೆ ನೋಡು," ಅಂದರು ಇವರು. ಅಂದಿನಿಂದ ಅವರಿಗೂ ಒಂದು ಬಗೆಯ ಚಡಪಡಿಕೆ ಹತ್ತಿಕೊಂಡಿತು.

ಮುಂದಿನ ವಾರ ಕಚೇರಿ ಕೆಲಸದ ಮೇಲೆ ಶಿರಾಕ್ಕೆ ಹೋದವರು ಬರುವಾಗ ಕೈಚೀಲವನ್ನು ಎದೆಗವಚಿಕೊಂಡು ಬಂದರು. ಚೀಲದ ಬಾಯಿಂದ ಎರಡು ಬಿಳಿ ಕಿವಿ ಇಣುಕುತ್ತಿದ್ದವು. ಅಲ್ಲಿ ಖಾದರ್ ಸಾಹೇಬರೆಂಬ ಲಾರಿ ಮೆಕ್ಯಾನಿಕ್ಕು ಮನೆಯಲ್ಲಿ ಮೊಲ ಸಾಕಿದ್ದರಂತೆ. ಇವರು ತಾಯಿಯ ಕಥೆ ಹೇಳಿಕೊಂಡಾಗ ಒಂದು ಮರಿಯನ್ನು ಸುಮ್ಮನೆ ಕೊಟ್ಟುಬಿಟ್ಟರಂತೆ.

"ಇದ್ಯಾಕ್ಲಾ ತಂದೆ?" ಅತ್ತೆ ಕೇಳಿದರು.

"ಇವಳಿಗೆ ಬಯಕೆ ಕಣವ್ವ."

ಅತ್ತೆ ನನ್ನ ಮುಖ ನೋಡಿದರು. "ತಿನ್ನೋ ಬಯಕೇನಾ, ಸಾಕೋ ಬಯಕೇನಾ?"

ನನಗೆ ಈ ಬಯಕೆಯ ಸುದ್ದಿ ಆಗ ತಾನೇ ಗೊತ್ತಾಗುತ್ತಿತ್ತು. ಇವರು ಅವರ ಬೆನ್ನ ಹಿಂದಿನಿಂದ ಕಣ್ಣು ಮಿಟುಕಿಸುತ್ತಿದ್ದರು. "ಸಾಕೋದು ಅತ್ತೆ," ಅಂದೆ.

"ಅಂಗಾದ್ರೆ ನೀನೇ ಸಾಕ್ಕೊ. ನಾನು ಮುಟ್ಟಾಕಿಲ್ಲ. ಏನು ಹಾಕ್ಬೇಕಂತೆ ಇದ್ಕೆ?"

"ದಿನಕ್ಕೆ ಒಂದು ಹಿಡಿ ಕಾಳು, ಮಿಕ್ಕಿದ್ದೆಲ್ಲ ಹುಲ್ಲು ಅಂದ್ರು."

"ಯಾರ ಹಿಡಿ?" ಅತ್ತೆ ಕೈ ಚಾಚಿದರು. ಕುರಿ ಕಾಲು ಹಿಡಿದೆಳೆದು, ಮುಳ್ಳು ಕಡಿದು ಅಗಲವಾದ ಕೈ. ಪಕ್ಕದಲ್ಲಿ ನಾನೂ ನನ್ನ ಕೈ ಚಾಚಿದೆ. ಅವರ ಅಂಗೈಯೊಳಗೆ ನನ್ನದು ಪೂರ್ತಿ ಅಡಗುತ್ತಿತ್ತು. "ಆ ಸಾಬರ ಕೈ ಎಷ್ಟು ದೊಡ್ಡದಿತ್ಲಾ?"

"ನೋಡಲಿಲ್ಲ ಕಣವ್ವ. ಗ್ರೀಸು ಒರೆಸ್ಕೊಳೋ ಬಟ್ಟೆಯೊಳಗಿತ್ತು."

"ಗುಮಾಸ್ತನಾಗಿ ಇಷ್ಟೂ ನೋಡ್ಕಂಡು ಬರಾಕಾಗಲ್ವಲ್ಲೋ," ಅಂತ ಅತ್ತೆ ನಕ್ಕರು. ಅವರು ನಕ್ಕಿದ್ದು ಅದೆಷ್ಟು ದಿನದ ಮೇಲೋ.

ಸೇಬಿನ ಪೆಟ್ಟಿಗೆಗೆ ಜಾಲರಿ ಹೊಡೆದು ಹಿತ್ತಿಲ ಜಗುಲಿಯಲ್ಲಿ, ನೀರೊಲೆಯ ಬೆಚ್ಚಗಿನ ಗೋಡೆಗೆ ಒತ್ತಿ ಇಟ್ಟೆವು. ಮುಟ್ಟುವುದಿಲ್ಲ ಎಂದಿದ್ದವರು ಸಂಜೆಯವರೆಗೆ ಅದರ ಸುತ್ತಲೇ ಸುಳಿದಾಡಿದರು. ಗಾಳಿ ಬಂದರೆ ಗೋಣಿ ಇಳಿಬಿಟ್ಟರು. ಬಿಸಿಲು ಬಂದರೆ ಎತ್ತಿದರು. ಮಾರನೆಯ ಬೆಳಿಗ್ಗೆ ನಾನೆದ್ದು ನೋಡಿದಾಗ ಪೆಟ್ಟಿಗೆ ಖಾಲಿ ಇತ್ತು. ಅತ್ತೆ ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಸೆರಗಿನೊಳಗಿಂದ ಒಂದು ಗುಲಾಬಿ ಮೂಗು ಆಡುತ್ತಿತ್ತು.

"ನಡುಗ್ತಿತ್ತು," ಅಂದರು, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ. ಆಮೇಲೆ ಒಲೆಗೆ ಒಂದು ಸೌದೆ ತಳ್ಳಿ ಹೇಳಿದರು: "ನೋಡು ಹನುಮಕ್ಕ. ಇದು ನನ್ ಕೈಯಾಗೆ ಉಳ್ಕಂಡ್ರೆ, ನಿನ್ ಕೂಸಿಗೆ ನಾನೇ ನೀರಾಕ್ತೀನಿ. ಉಳೀಲಿಲ್ವಾ, ನನ್ನ ಕಳ್ಳಂಬೆಳ್ಳಕ್ಕೆ ಕಳಿಸ್ಬುಡಿ. ತಡೀಬ್ಯಾಡಿ."

ತಮಾಷೆಯ ಮಾತಲ್ಲವೆಂದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. ನಾನು ಹೂಂ ಅಂದೆ. ಅಂದ ಮೇಲೆ ಆ ಮೊಲ ಬರೀ ಮೊಲವಾಗಿ ಉಳಿಯಲಿಲ್ಲ. ಅದು ಸೀನಿದರೆ ನನ್ನ ಹೊಟ್ಟೆಯಲ್ಲಿ ಮಗು ಒದ್ದ ಹಾಗಾಗುತ್ತಿತ್ತು. ಬೆಳ್ಳಿ ಅಂತ ಹೆಸರಿಟ್ಟಿದ್ದೂ ಅತ್ತೆಯೇ.

ಕೆಲವು ದಿನ ಚೆನ್ನಾಗಿ ನಡೆಯಿತು. ಅತ್ತೆ ರಸ್ತೆಯಂಚಿನ ಗರಿಕೆ ಕಿತ್ತು ತರುತ್ತಿದ್ದರು. ನುಗ್ಗೆಸೊಪ್ಪು ಮುರಿದು ಹಾಕುತ್ತಿದ್ದರು. ನೆನೆಸಿದ ಹುರುಳಿ ಒಂದು ಹಿಡಿ. ಕೊನೆಗೆ ನನ್ನ ಹಿಡಿ ಅಂತ ತೀರ್ಮಾನವಾಗಿತ್ತು.

ಆ ತಿಂಗಳುಗಳಲ್ಲಿ ನನಗೆ ಬೆಳಗಿನ ಜಾವದ ನಿದ್ದೆ ಇರುತ್ತಿರಲಿಲ್ಲ. ಯಾವ ಮಗ್ಗುಲಿಗೆ ತಿರುಗಿದರೂ ಸೊಂಟ ನೋಯುತ್ತಿತ್ತು. ಒಂದು ಬೆಳಗಿನ ಜಾವ, ಅತ್ತೆ ಬೀದಿ ನಲ್ಲಿಗೆ ಕೊಡ ತೆಗೆದುಕೊಂಡು ಹೋದ ಹೊತ್ತಿನಲ್ಲಿ, ಎದ್ದು ಜಗುಲಿಗೆ ಬಂದೆ. ಬೆಳ್ಳಿ ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ತಲೆಯನ್ನು ಹಿಂಗಾಲ ನಡುವೆ ತೂರಿಸಿತ್ತು. ಮೈ ನೆಕ್ಕಿಕೊಳ್ಳುತ್ತಿದೆ ಅಂದುಕೊಂಡೆ. ತಲೆ ಎತ್ತಿದಾಗ ಬಾಯಿ ಆಡುತ್ತಿತ್ತು. ಮತ್ತೆ ಬಗ್ಗಿತು. ಅದು ತಿನ್ನುತ್ತಿದ್ದದ್ದು ತನ್ನದೇ ಹಿಕ್ಕೆಯನ್ನು.

ಜಗುಲಿಯ ಕಂಬ ಹಿಡಿದು ನಿಂತೆ. ಅಸಹ್ಯಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಎಂಥ ಹಸಿವಿರಬೇಕು! ನನ್ನ ಈ ಅಂಗೈಯಗಲದ ಹಿಡಿ ಸಾಲದೆ ಹೀಗಾಗಿದೆ. ಹಸಿದ ಜೀವವನ್ನು ಮಡಿಲಲ್ಲಿಟ್ಟು ಎಬ್ಬಿಸಿದ ಹೆಂಗಸು ಇದನ್ನು ಕಂಡರೆ ಅವತ್ತೇ ಬಸ್ಸು ಹತ್ತುತ್ತಾರೆ. ಕೊಡದ ಸದ್ದು ಗೇಟಿನ ಹತ್ತಿರ ಕೇಳಿಸಿತು. ಓಡಿಹೋಗಿ ಡಬ್ಬದಿಂದ ಇನ್ನೊಂದು ಹಿಡಿ ಹುರುಳಿ ತಂದು ಪೆಟ್ಟಿಗೆಗೆ ಸುರಿದೆ. ಓಡಿಹೋಗಿ ಅಂದೆ, ಆ ಹೊಟ್ಟೆ ಹೊತ್ತು ಎಷ್ಟು ಓಡಬಹುದೋ ಅಷ್ಟು.

ಅಂದಿನಿಂದ ಅತ್ತೆ ನೀರಿಗೆ ಹೋದಾಗಲೆಲ್ಲ ಅದೇ ನನ್ನ ಕೆಲಸವಾಯಿತು. ಒಂದು ಹಿಡಿ ಹುರುಳಿ, ಒಂದು ದಿನ ರಾಗಿ ರೊಟ್ಟಿಯ ಚೂರು, ಒಂದು ದಿನ ಬೆಲ್ಲ. ಅತ್ತೆ ಬಂದು "ಏನ್ಮಾಡ್ತಿದ್ದೀಯ ಚಳೀಲಿ?" ಅಂದರೆ "ಸುಮ್ಮನೆ ನೋಡ್ತಿದ್ದೆ" ಅನ್ನುತ್ತಿದ್ದೆ. ಆದರೂ ಅದು ತನ್ನ ಚಾಳಿ ಬಿಡಲಿಲ್ಲ. ನಾನು ಹೆಚ್ಚು ಹಾಕಿದೆ.

ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆ ದಿನಗಳಲ್ಲಿ ನಮ್ಮ ಮನೆ ಹೇಗಿತ್ತೆಂದು. ನಾನು ಒಳಗೆ ಬಂದರೆ ಅತ್ತೆ ಸೆರಗನ್ನು ಬಿಗಿಯಾಗಿ ಮಡಿಚಿಕೊಳ್ಳುತ್ತಿದ್ದರು. ಅತ್ತೆ ಬಂದರೆ ನಾನು ಮುಷ್ಟಿ ಬೆನ್ನ ಹಿಂದೆ ಹಿಡಿಯುತ್ತಿದ್ದೆ. ಇವರು ಕಚೇರಿಯಿಂದ ಬಂದವರು ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಿಲಲ್ಲಿ ಬಹಳ ಹೊತ್ತು ಕಳೆಯುತ್ತಿದ್ದರು. ತುಂಬಿಸಿಟ್ಟ ಹುರುಳಿ ಡಬ್ಬ ಅಷ್ಟು ಬೇಗ ತಳ ಕಂಡಿದ್ದು ನೋಡಿ ಮನೆಗೆ ಇಲಿ ಬಂದಿದೆ ಅಂತಲೇ ನಾನು ತಿಳಿದಿದ್ದೆ.

ಬೆಳ್ಳಿ ದುಂಡಗಾಯಿತು. ಪಕ್ಕದ ಮನೆಯ ಪಟಾಲಮ್ಮ ಗೋಡೆಯ ಮೇಲಿಂದ ತಲೆ ಹಾಕಿ, "ಏನ್ ಕರಿಯಕ್ಕ, ನಿಮ್ಮನೇಲಿ ಇಬ್ರೂ ಬಸುರಿಯರಾ? ಸೊಸೆಗಿಂತ ಮೊಲದ್ದೇ ಮುಂಚೆ ಆಗೋ ಹಂಗಿದೆ!" ಅಂದಳು.

"ನಿನ್ ಕಣ್ಣು ಬೀಳ್ದಿದ್ರೆ ಸಾಕು, ಹೋಗತ್ಲಾಗೆ," ಅಂದರು ಅತ್ತೆ. ಆದರೆ ಪಟಾಲಮ್ಮ ತಲೆ ಮರೆಯಾದ ಕೂಡಲೇ ಮೊಲವನ್ನು ಎತ್ತಿ ಬೆನ್ನುಮೂಳೆಯ ಮೇಲೆ ಬೆರಳಾಡಿಸಿದರು. ಮುಖ ಚಿಕ್ಕದಾಯಿತು. ಅದರ ಹಿಂಭಾಗದ ಬಿಳಿ ಕೂದಲೆಲ್ಲ ಕೊಳಕಾಗಿ ಅಂಟಿಕೊಂಡಿತ್ತು. ಬಿಸಿನೀರಲ್ಲಿ ಒರೆಸಿದರು. ಮರುದಿನ ಮತ್ತೆ ಹಾಗೇ ಇತ್ತು.

ನನ್ನ ಮಟ್ಟಿಗೆ ಒಂದು ಸಮಾಧಾನವಿತ್ತು. ಎರಡು ಮೂರು ಬೆಳಗಿನಿಂದ ಅದು ಹಿಂದಕ್ಕೆ ಬಗ್ಗುವುದನ್ನು ನಿಲ್ಲಿಸಿತ್ತು. ಬಗ್ಗಲು ಹೊಟ್ಟೆಯೇ ಅಡ್ಡ ಬರುತ್ತಿತ್ತೋ ಏನೋ. ಅಂತೂ ಹೊಟ್ಟೆ ತುಂಬಿತು ಎಂದು ನನಗೆ ಖುಷಿಯಾಗಿತ್ತು.

ಆಮೇಲಿನ ಬೆಳಿಗ್ಗೆ ಬೆಳ್ಳಿ ಪೆಟ್ಟಿಗೆಯ ಮೂಲೆಯಲ್ಲಿ ಮುದುಡಿ ಕೂತಿತ್ತು. ಹುರುಳಿ ಹಾಗೇ ಇತ್ತು. ಗರಿಕೆ ಬಾಡಿತ್ತು. ಪೆಟ್ಟಿಗೆಗೆ ಹಾಸಿದ್ದ ಗೋಣಿಯ ಮೇಲೆ ಒಂದೇ ಒಂದು ಹಿಕ್ಕೆ ಇರಲಿಲ್ಲ. ಹೊಟ್ಟೆ ಮುಟ್ಟಿದರೆ ತಮಟೆಯ ಹಾಗೆ ಬಿಗಿದಿತ್ತು. ಅದರ ಕಣ್ಣು ಅರ್ಧ ಮುಚ್ಚಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು.

ಅತ್ತೆ ಕೂಗಾಡಲಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿದರು. ಅವರ ಪಕ್ಕದಲ್ಲಿ ಬಟ್ಟೆಯ ಗಂಟು ಇತ್ತು. ಕಟ್ಟಿಟ್ಟಿದ್ದು ಆಗಲೇ ಎಷ್ಟು ಹೊತ್ತಾಗಿತ್ತೋ.

"ಶಿರಾ ಬಸ್ಸು ಎಷ್ಟೊತ್ಗೆ ಐತೆ ಹನುಮಕ್ಕ?"

"ಅತ್ತೆ, ಅದಿನ್ನೂ ಉಸಿರಾಡ್ತಿದೆ."

"ಮರಿಗೋಳೂ ಇಂಗೇ ಉಸಿರಾಡ್ತಿದ್ವು." ಮೊಲದ ಕಿವಿಯನ್ನು ಸವರುತ್ತ, ನನ್ನ ಕಡೆ ನೋಡದೆ ಹೇಳಿದರು: "ನಿಂಗೊಂದು ಮಾತು ಹೇಳಿಲ್ಲ ಕಣಮ್ಮ. ಹೊಟ್ಟೇಲಿ ಕೂಸಿಟ್ಕಂಡೋಳು ಹೇಸ್ಕಂತೀಯ ಅಂತ ಸುಮ್ಕಿದ್ದೆ. ಇದು ತನ್ನ ಹಿಕ್ಕೆ ತಾನೇ ತಿಂತಿತ್ತು. ನನ್ ಕಣ್ಣಾರೆ ಕಂಡೆ. ನಮ್ಮ ಹಟ್ಟೀಲಿ ಯಾವ ಬಡ್ಕಲು ಕುರೀನೂ ಅಂಥ ಗತಿಗೆ ಬಂದಿರ್ಲಿಲ್ಲ. ನಾನಿರೋ ಮನೇಲಿ ಇದು ಉಪವಾಸ ಐತೆ ಅಂತ ಜೀವ ಚುರುಕ್ ಅಂತು. ಅವತ್ನಿಂದ ನೀನು ಮಲಗಿದ್ದಾಗ ದಿನಾ ಒಂದು ಹಿಡಿ ಹುಳ್ಳಿಕಾಳು ಹಾಕ್ತಿದ್ದೆ. ನನ್ ಹಿಡಿ. ಅಷ್ಟು ಹಾಕಿದ್ರೂ ಉಳೀಲಿಲ್ಲ ಅಂದ್ರೆ ಇನ್ನೇನೇಳ್ಲಿ, ಕೈ ಅಷ್ಟೇಯ."

ಅವರ ಪಕ್ಕದಲ್ಲಿ ಕೂತೆ. ಕೂರುವುದಕ್ಕೂ ಆಗ ಗೋಡೆ ಹಿಡಿಯಬೇಕಿತ್ತು.

"ಅತ್ತೆ, ಅದು ತಿನ್ನೋದನ್ನ ನಾನೂ ನೋಡಿದ್ದೆ. ನೀವು ನೊಂದ್ಕೋತೀರ ಅಂತ ಹೇಳಲಿಲ್ಲ. ನೀವು ನಲ್ಲಿಗೆ ಹೋದಾಗ ನಾನೂ ಒಂದು ಹಿಡಿ ಹಾಕ್ತಿದ್ದೆ. ಒಂದೊಂದಿನ ರೊಟ್ಟಿ. ಒಂದಿನ ಬೆಲ್ಲ."

ಅವರು ನಿಧಾನವಾಗಿ ತಲೆ ತಿರುಗಿಸಿದರು. ಅಷ್ಟರಲ್ಲಿ ಬಾಗಿಲ ಹತ್ತಿರ ಕೆಮ್ಮು ಕೇಳಿಸಿತು. ಇವರು ನಿಂತಿದ್ದರು, ಕಚೇರಿಗೆ ಹೊರಟ ಅಂಗಿಯಲ್ಲಿ.

"ನಾನು ಬರೀ ಕಡ್ಲೆಕಾಯಿ ಕಣವ್ವ," ಅಂದರು. "ಸಂಜೆ ಬಂದಾಗ. ನಿಮ್ಮಿಬ್ಬರದ್ದೂ ಕೈ ಬಿಗಿ ಅಂದ್ಕೊಂಡಿದ್ದೆ."

ಅತ್ತೆ ಒಬ್ಬೊಬ್ಬರನ್ನೇ ನೋಡಿದರು. ಅಳುತ್ತಾರೆ ಅಂದುಕೊಂಡೆ.

"ಲೇ ನರಸ," ಅಂದರು, "ಇದೇನು ಮೊಲಾನೇನ್ಲಾ, ಮದ್ವೆ ಚಪ್ಪರಾನೇನ್ಲಾ? ಬಂದೋರೆಲ್ಲ ಬಡಿಸ್ತಾ ಹೋಗೋಕೆ!" ಆಮೇಲೆ ಮೊಲದ ಹೊಟ್ಟೆಯನ್ನು ಮತ್ತೊಮ್ಮೆ ಒತ್ತಿ ನೋಡಿದರು. ಈ ಸಲದ ಒತ್ತುವಿಕೆಯೇ ಬೇರೆ ಇತ್ತು. "ಇದು ಹಸಿದು ಹಿಂಗಾಗಿಲ್ಲ. ರಾಶಿಗೆ ಬಾಯಿ ಹಾಕಿದ ಕುರಿಗೆ ಹಿಂಗಾಗ್ತದೆ. ಎದ್ದೇಳು, ಹರಳೆಣ್ಣೆ ಬೆಚ್ಚಗೆ ಮಾಡು. ಪೆಟ್ಟಿಗೇಲಿರೋ ಕಾಳೆಲ್ಲ ತಗ್ದು ಬಿಸಾಕು. ಒಂದು ಕಾಳೂ ಇರಬಾರ್ದು."

ಇವರು ಕಚೇರಿಯ ಅಂಗಿಯಲ್ಲೇ ಮಂಡಿಯೂರಿ ಗೋಣಿಯ ಸಂದಿಯಿಂದ ಹುರುಳಿ ಆರಿಸಿದರು. ಅತ್ತೆ ಹರಳೆಣ್ಣೆ ಮುಟ್ಟಿದ ಬೆರಳಿಂದ ಮೊಲದ ಹೊಟ್ಟೆಯನ್ನು ಹಗುರವಾಗಿ ನೀವತೊಡಗಿದರು. ಆ ಅಗಲವಾದ ಕೈ ಅಷ್ಟು ಮೆತ್ತಗೆ ಓಡಾಡಬಲ್ಲದೆಂದು ನನಗೆ ಗೊತ್ತಿರಲಿಲ್ಲ. ನೀವಿದ ಮೇಲೆ ನೆಲಕ್ಕೆ ಬಿಟ್ಟು, ಹಿಂದಿನಿಂದ ಬೆರಳಲ್ಲಿ ತಟ್ಟುತ್ತ, "ನಡಿ ಬೆಳ್ಳಿ, ನಡಿಯವ್ವ, ಕೂತ್ರೆ ಕೆಟ್ಟೆ," ಅಂತ ಜಗುಲಿಯ ಈ ತುದಿಯಿಂದ ಆ ತುದಿಗೆ ನಡೆಸಿದರು. ಅದು ಎರಡು ಹೆಜ್ಜೆ ಕುಪ್ಪಳಿಸಿ ಕೂತುಬಿಡುತ್ತಿತ್ತು. ಮತ್ತೆ ಎತ್ತಿ ನೀವುತ್ತಿದ್ದರು.

ಆ ದಿನ ಮುಗಿಯುವುದೇ ಇಲ್ಲವೆನಿಸಿತ್ತು. ಒಲೆಯ ಮೇಲಿಟ್ಟಿದ್ದು ಸೀದಿತು. ನಾನು ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಜಗುಲಿಗೆ ಹೋಗಬೇಕೆನಿಸುತ್ತಿತ್ತು. ಇವರು ಮಧ್ಯಾಹ್ನ ಊಟಕ್ಕೆ ಬರುವ ಪದ್ಧತಿಯೇ ಇರಲಿಲ್ಲ, ಅವತ್ತು ಬಂದರು. ಬಂದವರು ಊಟ ಮಾಡದೆ ಪೆಟ್ಟಿಗೆಯ ಮುಂದೆ ನಿಂತು ಹಾಗೇ ಹೊರಟುಹೋದರು. ಬೆಟ್ಟದ ಬಂಡೆಗೆ ಬಿಸಿಲು ಬಿದ್ದು ಹಿತ್ತಿಲೆಲ್ಲ ಬೆಳ್ಳಗೆ ಉರಿಯುತ್ತಿತ್ತು. ಗಂಟು ಅಲ್ಲೇ ಗೋಡೆಗೊರಗಿತ್ತು. ನಾನು ಅತ್ತ ನೋಡದಿರಲು ಪ್ರಯತ್ನಿಸುತ್ತಿದ್ದೆ, ನೋಡುತ್ತಲೇ ಇದ್ದೆ.

ಪಟಾಲಮ್ಮ ಗೋಡೆಯ ಮೇಲಿಂದ ನೋಡಿದಳು. ಏನಾದರೂ ಚುಚ್ಚುತ್ತಾಳೆ ಅಂದುಕೊಂಡೆ. ಏನೂ ಅನ್ನದೆ ಇಳಿದುಹೋದಳು. ಸ್ವಲ್ಪ ಹೊತ್ತಿಗೆ ಮುಂಬಾಗಿಲಿಂದ ಬಂದಳು. ಸೆರಗಿನ ತುಂಬ ಒಣಗಿದ ಕಡ್ಲೆಬಳ್ಳಿ ಇತ್ತು. "ನಮ್ಮ ಹಸೀಗೆ ಅಂತ ಇಟ್ಟಿದ್ದೆ," ಅಂದಳು. ಹಸು ಅನ್ನುವುದನ್ನು ಅವಳು ಹಾಗೆ ಹೇಳುತ್ತಿದ್ದಳು. "ಹಸೀದೂ ಹೊಟ್ಟೆ ಉಬ್ಬಿದ್ರೆ ನಾವು ಹಸಿರು ಹಾಕಲ್ಲ, ಒಣಾದೇ ಹಾಕದು. ಇದ್ಕೂ ಒಂದೆರಡು ಎಳೆ ಇಟ್ಟು ನೋಡಿ. ತಿಂದ್ರೆ ತಿಂತು." ಹೋಗುವಾಗ ಬಾಗಿಲಲ್ಲಿ ನಿಂತು, "ನಾ ಅವತ್ತು ಸುಮ್ನೆ ನಗೆಗಂದೆ ಕಣ್ ಕರಿಯಕ್ಕ. ನನ್ ಕಣ್ಣೇನೂ ಕೆಟ್ಟದ್ದಲ್ಲ," ಅಂದಳು.

"ನಿನ್ ಕಣ್ಣಿನ ಮಾತು ಯಾಕೇಳ್ತೀಯ, ಇಲ್ಲಿ ಮೂರು ಜನದ ಕೈ ಐತೆ," ಅಂದರು ಅತ್ತೆ.

ಬಿಸಿಲು ಇಳಿಯುವ ಹೊತ್ತಿಗೆ ಅತ್ತೆಗೆ ದಣಿವಾಗಿತ್ತು. ಮೊಲವನ್ನು ಮಡಿಲಲ್ಲಿಟ್ಟುಕೊಂಡು ಕೂತವರು ತಮಗೆ ತಾವೇ ಅನ್ನುವ ಹಾಗೆ ಹೇಳಿದರು: "ಕುರಿ ಆಗಿದ್ರೆ ಒಂದು ದಾರಿ ಇತ್ತು. ಮೆಲುಕು ಹಾಕ್ತೈತಾ ಅಂತ ನೋಡ್ಕಂಡು ಕೂರ್ಬೋದಿತ್ತು. ಮೆಲುಕು ಶುರುವಾಯ್ತು ಅಂದ್ರೆ ಉಳೀತು ಅಂತ. ಈ ಮುಂಡೇದು ಬಂದಾಗ್ಲಿಂದ ಒಂದಿನಾನೂ ಮೆಲುಕು ಹಾಕ್ಲಿಲ್ಲ. ಏನ್ ನೋಡ್ಲಿ ಇದ್ರಲ್ಲಿ?"

ನನಗೂ ತಲೆ ಓಡುತ್ತಿರಲಿಲ್ಲ. ಬಾಯಿಗೆ ಬಂದದ್ದು ಅಂದುಬಿಟ್ಟೆ. "ತಿಂತಿತ್ತಲ್ಲ, ಅದೇ ಇದರ ಮೆಲುಕೋ ಏನೋ ಅತ್ತೆ. ಕುರಿಗೆ ಗಂಟಲಿಂದ ವಾಪಸು ಬರುತ್ತೆ, ಇದಕ್ಕೆ ಸುತ್ತು ಹಾಕ್ಕೊಂಡು ಬರುತ್ತೆ."

ಅತ್ತೆ ನಗುತ್ತಾರೆಂದು ಕಾದೆ. ಅವರು ನಗಲಿಲ್ಲ. ನೀವುತ್ತಿದ್ದ ಕೈ ನಿಂತಿತು.

"ನೀನು ಕಂಡಾಗ ನೆಲದ ಮೇಲಿದ್ದದ್ದನ್ನ ತಿಂತಿತ್ತಾ?"

ಯೋಚಿಸಿದೆ. "ಇಲ್ಲ. ನೆಲದ ಮೇಲೆ ಗುಂಡುಗುಂಡಗೆ ಬೇಕಾದಷ್ಟು ಬಿದ್ದಿತ್ತು. ಅದನ್ನ ಮೂಸಿಯೂ ನೋಡ್ತಿರಲಿಲ್ಲ. ಬಗ್ಗಿ, ಬರ್ತಿದ್ದ ಹಾಗೇ ಬಾಯಿಗೆ ತಗೋತಿತ್ತು."

"ನಾನು ಕಂಡಾಗ್ಲೂ ಅಷ್ಟೇಯ. ಮೆತ್ತಗಿನದ್ದು. ಹಸಿದ ಪ್ರಾಣಿ ಆಗಿದ್ರೆ ನೆಲದ್ದು ಯಾಕೆ ಬಿಡ್ತಿತ್ತು?" ಅವರ ದನಿ ಮೆಲ್ಲಗಾಯಿತು. "ಯಾವೊತ್ನಾಗೆ ಕಂಡೆ?"

"ಬೆಳಗಿನ ಜಾವ."

"ಕುರಿ ರೊಪ್ಪದಾಗೆ ಮಲಗಿ ಮೆಲುಕಾಡೋ ಹೊತ್ತು," ಅಂದರು. ಇಬ್ಬರೂ ಮೊಲವನ್ನು ನೋಡಿದೆವು. ಅದಕ್ಕೆ ನಮ್ಮ ಮಾತಿನ ಗೊಡವೆ ಇರಲಿಲ್ಲ.

ಆದರೆ ನಾವು ಅಂದುಕೊಂಡದ್ದು ನಿಜವೋ ಸುಳ್ಳೋ ಯಾರಿಗೆ ಗೊತ್ತು? ಕೇಳಲು ಶಿರಾಕ್ಕೆ ಹೋಗಬೇಕು. ನಿಜವಾದರೆ, ಅದು ಸುಖವಾಗಿದ್ದಾಗಲೇ ಅದನ್ನು ಉಪವಾಸವೆಂದು ತಿಳಿದು ತುಂಬಿಸಿದ್ದೆವು. ನಿಂತುಹೋದಾಗ ಹೊಟ್ಟೆ ತುಂಬಿತೆಂದು ನಾನು ಖುಷಿಪಟ್ಟಿದ್ದೆ. ಸುಳ್ಳಾದರೆ ಗಂಟು ಅಲ್ಲೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಬೆಳ್ಳಿ ಅತ್ತೆಯ ಮಡಿಲಿನಿಂದ ತಾನಾಗಿ ಇಳಿಯಿತು. ಪಟಾಲಮ್ಮ ತಂದಿದ್ದ ಒಣಬಳ್ಳಿಯ ಒಂದು ಎಳೆಯನ್ನು ಮೂಸಿತು. ಬಿಟ್ಟಿತು. ಮತ್ತೆ ಮೂಸಿ ತುದಿಯಿಂದ ಕತ್ತರಿಸತೊಡಗಿತು. ಎಳೆ ಒಳಗೆ ಹೋಗುತ್ತ ಹೋಗುತ್ತ ಚಿಕ್ಕದಾಗುವುದನ್ನು ಕಚೇರಿಯಿಂದ ಬಂದಿದ್ದ ಇವರೂ ಸೇರಿ ನಾವು ಮೂವರೂ ಬಗ್ಗಿ ನೋಡಿದೆವು. ಕೊಂಚ ಹೊತ್ತಾದ ಮೇಲೆ ನೆಲದ ಮೇಲೆ ಟಪ್ಪೆಂದು ಒಂದು ಹಿಕ್ಕೆ ಬಿತ್ತು. ಅತ್ತೆ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ದೀಪದ ಹತ್ತಿರ ಹಿಡಿದರು.

"ಅವ್ವ, ಕಿವಿಗೆ ಓಲೆ ಮಾಡಿಸ್ಕೊಡ್ಲಾ?" ಅಂದರು ಇವರು.

"ಸುಮ್ಕಿರ್ಲಾ." ಗಂಟಿನ ಕಡೆ ಮಾತ್ರ ಅವರು ಕೈ ಚಾಚಲಿಲ್ಲ.

ಮಾರನೆಯ ಬೆಳಗಿನ ಜಾವ ಅತ್ತೆ ಎದ್ದ ಸದ್ದಿಗೆ ನಾನೂ ಎದ್ದೆ. ಅವತ್ತು ಅವರು ಹಿತ್ತಿಲ ಬಾಗಿಲಲ್ಲಿ ನಿಲ್ಲಲಿಲ್ಲ. ನಲ್ಲಿಗೂ ಹೋಗಲಿಲ್ಲ. ಪೆಟ್ಟಿಗೆಯ ಮುಂದೆ ಒಂದು ಮಣೆ ಹಾಕಿಕೊಂಡಿದ್ದರು. ಪಕ್ಕದಲ್ಲಿ ಇನ್ನೊಂದು ಮಣೆ, ಅದರ ಮೇಲೆ ಮಡಿಸಿದ ಕಂಬಳಿ ಇತ್ತು. ನಾನು ಬರುತ್ತೇನೆಂದು ಅವರಿಗೆ ಗೊತ್ತಿತ್ತು. ಕೂತೆ. ಬೆಟ್ಟ ಇನ್ನೂ ಕಪ್ಪಗಿತ್ತು. ಊರಲ್ಲಿ ಒಂದು ಬಸ್ಸು ಎಂಜಿನ್ ಶುರುಮಾಡಿ ಗುರುಗುಟ್ಟುತ್ತ ನಿಂತಿತ್ತು. ಶಿರಾ ಬಸ್ಸೇ ಇರಬೇಕು. ಇಬ್ಬರೂ ಅದರ ಸದ್ದು ಕೇಳುತ್ತಿದ್ದೆವು, ಇಬ್ಬರೂ ಅದರ ಮಾತೆತ್ತಲಿಲ್ಲ.

ಬೆಳ್ಳಿ ಮೂಲೆಯಲ್ಲಿತ್ತು. ಮುಂಗಾಲಿನಿಂದ ಮುಖ ಒರೆಸಿಕೊಂಡಿತು. ಒಂದು ಕಿವಿಯನ್ನು ಕೆಳಗೆಳೆದು ನೆಕ್ಕಿತು. ಸುಮ್ಮನೆ ಕೂತಿತು. ಬಸ್ಸು ಹೊರಟು, ಸದ್ದು ದೂರವಾಗಿ, ಇಲ್ಲವಾಯಿತು.

ಆಗ ಅದು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿತು. ತಲೆ ಹಿಂಗಾಲ ನಡುವೆ ಹೋಯಿತು. ಮೇಲೆ ಬಂದಾಗ ಬಾಯಿ ಆಡುತ್ತಿತ್ತು, ಕಣ್ಣು ಅರೆಮುಚ್ಚಿತ್ತು. ಅತ್ತೆಯ ಕೈ ನನ್ನ ಮಂಡಿಯನ್ನು ಬಿಗಿಯಾಗಿ ಹಿಡಿಯಿತು.

"ನೋಡೇ," ಅಂದರು ಪಿಸುದನಿಯಲ್ಲಿ. "ಕಣ್ಣು ನೋಡೇ ಅದ್ರದ್ದು. ಮೆಲುಕಾಡೋ ಕುರಿ ಕಣ್ಣೇಯ."

ಯಾವುದನ್ನು ಕಂಡು ಹಿಂದೆ ಇಬ್ಬರ ಜೀವವೂ ಹಾರಿತ್ತೋ, ಅದನ್ನೇ ಆ ಬೆಳಿಗ್ಗೆ ಇಬ್ಬರೂ ದೇವರ ಮುಂದೆ ಕೂತವರ ಹಾಗೆ ಕೂತು ನೋಡಿದೆವು.

ಬೆಳಕಾದ ಮೇಲೆ ಅತ್ತೆ ಡಬ್ಬದ ತಳದಿಂದ ಒಂದು ಹಿಡಿ ಹುರುಳಿ ತೆಗೆದರು. ನನಗೆ ಗಾಬರಿಯಾಗಿ "ಅತ್ತೆ!" ಅಂದೆ. "ಇವತ್ತಿಗಲ್ಲ ಕಣೆ, ಮುಂದಕ್ಕೆ," ಅಂದು ಪೆಟ್ಟಿಗೆಯ ಬಾಗಿಲು ತೆಗೆದು ಮೊಲದ ಮುಂಗಾಲನ್ನು ಎರಡು ಬೆರಳಲ್ಲಿ ಹಿಡಿದು ತಮ್ಮ ಅಂಗೈಯ ಮೇಲಿಟ್ಟರು. ಹುರುಳಿಯ ಗುಡ್ಡೆಯ ಮೇಲೆ ಆ ಕಾಲು ಒಂದು ಹತ್ತಿಯ ಎಸಳಿನಷ್ಟಿತ್ತು. ಅತ್ತೆ ಅದನ್ನು ನೋಡುತ್ತ ನೋಡುತ್ತ ಕಾಳನ್ನು ಬೆರಳ ಸಂದಿಯಿಂದ ಡಬ್ಬಕ್ಕೆ ಉದುರಿಸಿದರು. ಇನ್ನಷ್ಟು ಉದುರಿಸಿದರು. ಕಾಲಿನಡಿ ಮುಚ್ಚುವಷ್ಟು ಮಾತ್ರ ಉಳಿಯಿತು.

"ಹಿಡಿ ಅಂದ್ರೆ ತಿನ್ನೋರದ್ದು," ಅಂದರು. "ಹಾಕೋರದ್ದಲ್ಲ."

ಆಮೇಲೆ ಗೋಡೆಯ ಹತ್ತಿರ ಹೋಗಿ ಗಂಟನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಕೂತರು. ಗಂಟಿನ ಕಟ್ಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಬಿಡಿಸಿದರು. ಒಳಗಿನಿಂದ ಒಗೆದೊಗೆದು ಮೆತ್ತಗಾದ ಒಂದು ಹಳೆಯ ಸೀರೆ ತೆಗೆದು ಕೆನ್ನೆಗೊತ್ತಿ ನೋಡಿದರು, ನನ್ನ ಕೆನ್ನೆಗೂ ಒತ್ತಿದರು.

"ಚುಚ್ತದಾ?"

"ಇಲ್ಲ ಅತ್ತೆ."

"ಅಂಗಾದ್ರೆ ಹಿಡ್ಕ ಆ ತುದೀನ. ಕೂಸಿಗೆ ಎಷ್ಟು ಬಟ್ಟೆ ಇದ್ರೂ ಸಾಲಲ್ಲ."

ನಾನು ಒಂದು ತುದಿ ಹಿಡಿದೆ, ಅವರು ಇನ್ನೊಂದು. ಸೀರೆ ಪರ್ರೆಂದು ಹರಿಯಿತು. ಪೆಟ್ಟಿಗೆಯೊಳಗೆ ಬೆಳ್ಳಿಯ ಎರಡೂ ಕಿವಿ ನೆಟ್ಟಗೆ ನಿಂತವು.